ಒಂದೇ ವಿಡಿಯೋ, ಅರ್ಧ ಡೇಟಾ: ಎಕ್ಸ್264ರಿಂದ ಎವಿ1ವರೆಗೆ ಯಾವ ಓಪನ್ ಸೋರ್ಸ್ ಕೋಡೆಕ್ ಯಾವುದಕ್ಕೆ ಒಳ್ಳೆಯದು?

ಒಂದು ಸಂದರ್ಭ ಊಹಿಸಿಕೊಳ್ಳಿ. ಪುಣೆಯಲ್ಲಿ ಮಗಳ ಮದುವೆ ಮುಗಿದಿದೆ. ವಿಡಿಯೋದವರು ಪೆನ್‌ಡ್ರೈವ್ ಕೊಟ್ಟು ಹೋಗಿದ್ದಾರೆ. ಮೂರು ಗಂಟೆಯ ವಿಡಿಯೋ, ಸೆಕೆಂಡಿಗೆ 25 ಮೆಗಾಬಿಟ್, ಒಟ್ಟು ಸುಮಾರು 34 ಜಿಬಿ. ಮಂಡಿನೋವಿನಿಂದ ಮದುವೆಗೆ ಬರಲಾಗದ ಅಜ್ಜಿ ಊರಿನಲ್ಲಿದ್ದಾರೆ. ಧಾರೆಯನ್ನಾದರೂ ಮೊಬೈಲ್‌ನಲ್ಲಿ ನೋಡಬೇಕೆಂಬ ಆಸೆ ಅವರದು. ಅಲ್ಲಿರುವುದು ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್.

ವಿಡಿಯೋವನ್ನು ಸೆಕೆಂಡಿಗೆ 5 ಮೆಗಾಬಿಟ್‌ಗೆ ಇಳಿಸಿದರೆ ಫೈಲ್ 6.75 ಜಿಬಿ ಆಗುತ್ತದೆ. ಪೂರ್ತಿ ಡೌನ್‌ಲೋಡ್ ಆಗಲು ಆ ಪ್ಯಾಕ್‌ನಲ್ಲಿ ಐದು ದಿನ ಬೇಕು. 2.5 ಮೆಗಾಬಿಟ್‌ಗೆ ಇಳಿಸಿದರೆ ಸುಮಾರು 3.4 ಜಿಬಿ, ಮೂರು ದಿನದೊಳಗೆ ಕೆಲಸ ಮುಗಿಯುತ್ತದೆ. ಆದರೆ ಚಿತ್ರ ಮಸುಕಾಗದೆ ಅಷ್ಟು ಕುಗ್ಗಿಸಬಹುದೇ? ಅದನ್ನು ನಿರ್ಧರಿಸುವುದು ಕೋಡೆಕ್. ಎಕ್ಸ್264, ಎಕ್ಸ್265, ವಿಪಿ9, ಎವಿ1 ಎಂಬ ಹೆಸರುಗಳನ್ನು ವಿಡಿಯೋ ಕನ್ವರ್ಟರ್‌ಗಳಲ್ಲಿ ನೀವು ನೋಡಿರುತ್ತೀರಿ. ಇವುಗಳಲ್ಲಿ ಯಾವುದು ಉತ್ತಮ, ಯಾವುದು ಯಾವ ಕೆಲಸಕ್ಕೆ ಸೂಕ್ತ ಎಂಬ ವಿವರ ಇಲ್ಲಿದೆ.

ಕುಗ್ಗಿಸದಿದ್ದರೆ ಏನಾಗುತ್ತದೆ?

ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮ್‌ನಲ್ಲಿ 1920 ಅಡ್ಡ, 1080 ಉದ್ದ, ಅಂದರೆ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿರುತ್ತವೆ. ಬಣ್ಣದ ವಿವರವನ್ನು ಸ್ವಲ್ಪ ಕಡಿಮೆ ಮಾಡಿ ಉಳಿಸುವ ಸಾಮಾನ್ಯ ವಿಧಾನದಲ್ಲೂ ಒಂದು ಫ್ರೇಮ್‌ಗೆ ಸುಮಾರು 3.1 ಎಂಬಿ ಬೇಕು. ಸೆಕೆಂಡಿಗೆ 30 ಫ್ರೇಮ್ ಎಂದರೆ 93 ಎಂಬಿ, ಒಂದು ನಿಮಿಷಕ್ಕೆ 5.6 ಜಿಬಿ. ಎರಡು ಗಂಟೆಯ ವಿಡಿಯೋಗೆ 670 ಜಿಬಿ ದಾಟುತ್ತದೆ. ಇದನ್ನು ಎರಡು ಮೂರು ಜಿಬಿಗೆ ಇಳಿಸಿ, ನೋಡುವಾಗ ಮತ್ತೆ ಬಿಡಿಸಿ ತೋರಿಸುವ ವಿಧಾನವೇ ಕೋಡೆಕ್. ಕುಗ್ಗಿಸುವ ತಂತ್ರಾಂಶಕ್ಕೆ ಎನ್‌ಕೋಡರ್ ಎಂದೂ, ಬಿಡಿಸುವುದಕ್ಕೆ ಡಿಕೋಡರ್ ಎಂದೂ ಹೆಸರು.

ಕುಗ್ಗಿಸುವುದು ಹೇಗೆ?

ಸುದ್ದಿ ವಾಚಕರನ್ನು ಗಮನಿಸಿ. ಹಿಂದಿನ ಪರದೆ, ಮೇಜು ಯಾವುದೂ ಬದಲಾಗುವುದಿಲ್ಲ. ತುಟಿ, ಕಣ್ಣು, ಕೈ ಮಾತ್ರ ಆಡುತ್ತವೆ. ಹಾಗಿರುವಾಗ ಪ್ರತಿ ಫ್ರೇಮ್‌ನಲ್ಲೂ ಇಡೀ ಚಿತ್ರವನ್ನು ಮತ್ತೆ ಬರೆದಿಡುವ ಅಗತ್ಯವಿಲ್ಲ. ಎನ್‌ಕೋಡರ್ ಚಿತ್ರವನ್ನು ಚೌಕಗಳಾಗಿ ಒಡೆಯುತ್ತದೆ. ಈ ಚೌಕ ಹಿಂದಿನ ಫ್ರೇಮ್‌ನಲ್ಲಿ ಎಲ್ಲಿತ್ತು, ಎಷ್ಟು ಸರಿದಿದೆ ಎಂದು ಹುಡುಕಿ, ಸರಿದ ದೂರವನ್ನೂ ಉಳಿದ ವ್ಯತ್ಯಾಸವನ್ನೂ ಮಾತ್ರ ಬರೆದುಕೊಳ್ಳುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ.

ಹಾಗಾಗಿ ಎಲ್ಲ ವಿಡಿಯೋಗಳೂ ಒಂದೇ ರೀತಿ ಕುಗ್ಗುವುದಿಲ್ಲ. ವಾಚಕರ ವಿಡಿಯೋ ಸುಲಭ. ಗಿರಕಿ ಹೊಡೆಯುವ ಯಕ್ಷಗಾನದ ವೇಷ, ಜೋಗದ ನೀರು, ಧಾರೆಯ ಹೊತ್ತಿಗೆ ಬೀಳುವ ಅಕ್ಷತೆ ಕಷ್ಟ. ಸಾವಿರಾರು ಕಾಳುಗಳು ಬೇರೆ ಬೇರೆ ದಿಕ್ಕಿಗೆ ಹಾರುವಾಗ ಹಿಂದಿನ ಫ್ರೇಮ್ ನೋಡಿ ಊಹಿಸಲು ಏನೂ ಸಿಗುವುದಿಲ್ಲ. ಕೋಡೆಕ್‌ಗಳ ನಿಜವಾದ ವ್ಯತ್ಯಾಸ ಗೊತ್ತಾಗುವುದು ಇಂತಹ ದೃಶ್ಯಗಳಲ್ಲೇ.

ಹೊಸ ಕೋಡೆಕ್‌ಗಳು ಹೆಚ್ಚು ಕುಗ್ಗಿಸಲು ಕಾರಣ, ಅವುಗಳ ಬಳಿ ಆಯ್ಕೆಗಳು ಹೆಚ್ಚು. 2003ರ ಎಚ್.264ರಲ್ಲಿ ಮೂಲ ಚೌಕದ ಅಳತೆ 16×16 ಚುಕ್ಕಿ. ಎಚ್.265 ಮತ್ತು ವಿಪಿ9ರಲ್ಲಿ ಅದು 64×64ರವರೆಗೆ, ಎವಿ1ರಲ್ಲಿ 128×128ರವರೆಗೆ ಹೋಗುತ್ತದೆ. ಖಾಲಿ ಆಕಾಶವನ್ನು ದೊಡ್ಡ ಚೌಕದಲ್ಲಿ ಒಂದೇ ಸಲಕ್ಕೆ ಮುಗಿಸಬಹುದು, ಮುಖದ ಭಾಗವನ್ನು ಚಿಕ್ಕ ಚೌಕಗಳಾಗಿ ಒಡೆಯಬಹುದು. ಆದರೆ ಆಯ್ಕೆ ಹೆಚ್ಚಾದಷ್ಟೂ ಯಾವುದು ಲಾಭ ಎಂದು ಪರೀಕ್ಷಿಸುವ ಕೆಲಸವೂ ಹೆಚ್ಚು. ಉಳಿಸಿದ ಡೇಟಾಕ್ಕೆ ಪ್ರತಿಯಾಗಿ ಕಂಪ್ಯೂಟರ್‌ನ ಸಮಯವನ್ನೂ ವಿದ್ಯುತ್ತನ್ನೂ ಕೊಡಬೇಕಾಗುತ್ತದೆ.

ಹೆಸರುಗಳ ಗೊಂದಲ

ಎಚ್.264 ಮತ್ತು ಎಕ್ಸ್264 ಒಂದೇ ಅಲ್ಲ. ಎಚ್.264 ಎಂಬುದು ನಿಯಮಗಳ ದಾಖಲೆ. ಆ ನಿಯಮದಂತೆ ವಿಡಿಯೋ ತಯಾರಿಸುವ ಒಂದು ತಂತ್ರಾಂಶ ಎಕ್ಸ್264. ಅದೇ ನಿಯಮ ಪಾಲಿಸುವ ಬೇರೆ ಎನ್‌ಕೋಡರ್‌ಗಳೂ ಇವೆ, ಅವುಗಳ ಗುಣಮಟ್ಟ ಬೇರೆ ಬೇರೆ. ಒಂದೇ ಪಾಕವಿಧಾನವಾದರೂ ಬಿಸಿಬೇಳೆಬಾತ್‌ನ ರುಚಿ ಕೈಯಿಂದ ಕೈಗೆ ಬದಲಾಗುವ ಹಾಗೆ. ಆದ್ದರಿಂದ ‘ಎವಿ1 ಚೆನ್ನಾಗಿದೆಯೇ?’ ಎಂದು ಕೇಳುವುದಕ್ಕಿಂತ ‘ಎವಿ1ರ ಯಾವ ಎನ್‌ಕೋಡರ್, ಯಾವ ವೇಗದಲ್ಲಿ?’ ಎಂದು ಕೇಳುವುದು ಸರಿ.

ಎಂಪಿ4, ಎಂಕೆವಿ, ವೆಬ್‌ಎಂ ಎಂಬವು ಕೋಡೆಕ್‌ಗಳಲ್ಲ. ಅವು ಚಿತ್ರ, ಧ್ವನಿ, ಸಬ್‌ಟೈಟಲ್‌ಗಳನ್ನು ಒಟ್ಟಿಗೆ ಇಡುವ ಡಬ್ಬಿಗಳು. ಒಂದೇ ಎಂಪಿ4 ಡಬ್ಬಿಯಲ್ಲಿ ಎಚ್.264 ಇರಬಹುದು, ಎಚ್.265 ಅಥವಾ ಎವಿ1 ಕೂಡ ಇರಬಹುದು. ‘ಎಂಪಿ4 ಫೈಲ್ ಆದರೂ ಟಿವಿಯಲ್ಲಿ ಓಡುತ್ತಿಲ್ಲ’ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ.

ಓಪನ್ ಸೋರ್ಸ್ ಎಂದರೆ ರಾಯಧನ ಇಲ್ಲ ಎಂದಲ್ಲ

ಎಕ್ಸ್264 ಮತ್ತು ಎಕ್ಸ್265ರ ಮೂಲ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಎರಡೂ ಜಿಪಿಎಲ್ ಪರವಾನಗಿಯಲ್ಲಿವೆ. ಆದರೆ ಅವು ಪಾಲಿಸುವ ಎಚ್.264 ಮತ್ತು ಎಚ್.265 ನಿಯಮಗಳ ಹಿಂದೆ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಸಾಧನ ತಯಾರಿಸುವವರು ಅದಕ್ಕೆ ರಾಯಧನ ಕಟ್ಟಬೇಕು. ಎಚ್.265 ವಿಷಯದಲ್ಲಂತೂ ಪೇಟೆಂಟ್ ಹೊಂದಿದವರು ಮೂರು ಪ್ರತ್ಯೇಕ ಕೂಟಗಳಾಗಿ ಹಂಚಿಹೋದರು. ಯಾರಿಗೆ ಎಷ್ಟು ಕಟ್ಟಬೇಕು ಎಂಬ ಗೊಂದಲವೇ ಅದರ ಬಳಕೆ ವೆಬ್‌ನಲ್ಲಿ ನಿಧಾನವಾಗಲು ಮುಖ್ಯ ಕಾರಣ.

ಈ ತೊಡಕಿನಿಂದ ಹೊರಬರಲು ಹುಟ್ಟಿದ್ದು ವಿಪಿ9 ಮತ್ತು ಎವಿ1. ಗೂಗಲ್ 2010ರಲ್ಲಿ ಆನ್2 ಎಂಬ ಕಂಪನಿಯನ್ನು ಕೊಂಡು, ಅದರ ವಿಪಿ8 ಕೋಡೆಕ್ ಅನ್ನು ಅದೇ ವರ್ಷ ಮುಕ್ತಗೊಳಿಸಿತು. 2013ರಲ್ಲಿ ವಿಪಿ9 ಬಂತು. 2015ರಲ್ಲಿ ಗೂಗಲ್, ಮೊಝಿಲ್ಲಾ, ಸಿಸ್ಕೋ, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್, ಅಮೆಜಾನ್, ಇಂಟೆಲ್ ಸೇರಿ ‘ಅಲಯನ್ಸ್ ಫಾರ್ ಓಪನ್ ಮೀಡಿಯಾ’ ಕಟ್ಟಿದವು. ಗೂಗಲ್‌ನ ವಿಪಿ10, ಮೊಝಿಲ್ಲಾ ಬೆಂಬಲದ ಡಾಲಾ, ಸಿಸ್ಕೋದ ಥಾರ್ ಎಂಬ ಮೂರು ಪ್ರಯತ್ನಗಳ ಅನುಭವ ಒಂದಾಗಿ 2018ರ ಮಾರ್ಚ್‌ನಲ್ಲಿ ಎವಿ1 ಬಿಡುಗಡೆಯಾಯಿತು. ರಾಯಧನ ಬೇಡ ಎಂಬುದೇ ಕೂಟದ ಘೋಷಣೆ. ಸಿಸ್ವೆಲ್ ಎಂಬ ಪೇಟೆಂಟ್ ಸಂಸ್ಥೆ ವಿಪಿ9, ಎವಿ1ಗೂ ಶುಲ್ಕ ಸಲ್ಲಬೇಕೆಂದು ಪ್ರತ್ಯೇಕ ಕೂಟ ತೆರೆದಿದೆ. ಇದು ಸಾಧನ ತಯಾರಕರ ಮಟ್ಟದ ವಿವಾದ. ಮನೆಯ ವಿಡಿಯೋ ಕುಗ್ಗಿಸುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಮುಖ ಎನ್‌ಕೋಡರ್‌ಗಳು

ಎಕ್ಸ್264: ವಿಎಲ್‌ಸಿ ಪ್ಲೇಯರ್‌ನಿಂದ ಹೆಸರಾದ ವಿಡಿಯೋಲ್ಯಾನ್ ಸಂಸ್ಥೆಯ ಆಶ್ರಯದ ಯೋಜನೆ. ವೇಗ ಹೆಚ್ಚು, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ. ಇದರ ಫೈಲ್ ಪ್ಲೇ ಮಾಡದ ಫೋನ್ ಅಥವಾ ಟಿವಿ ಸಿಗುವುದು ಅಪರೂಪ. ಎರಡು ದಶಕಗಳ ತಿದ್ದುಪಡಿಯಿಂದ ಪಳಗಿದ ಎನ್‌ಕೋಡರ್.

ಎಕ್ಸ್265: 2013ರಲ್ಲಿ ಮಲ್ಟಿಕೋರ್‌ವೇರ್ ಕಂಪನಿ ಆರಂಭಿಸಿದ್ದು. ಚೆನ್ನೈನಲ್ಲಿರುವ ಓದುಗರಿಗೆ ಒಂದು ಮಾಹಿತಿ: ಈ ಕಂಪನಿಯ ಅಭಿವೃದ್ಧಿ ಕೇಂದ್ರ ನಿಮ್ಮ ಊರಿನಲ್ಲೇ ಇದೆ. ಎಕ್ಸ್264ಗಿಂತ ನಿಧಾನ, ಆದರೆ ಫೈಲ್ ಗಣನೀಯವಾಗಿ ಚಿಕ್ಕದು. 4ಕೆ ವಿಡಿಯೋದಲ್ಲಿ ಇದರ ಲಾಭ ಹೆಚ್ಚು.

ಲಿಬ್‌ವಿಪಿಎಕ್ಸ್: ವಿಪಿ9ರ ಎನ್‌ಕೋಡರ್. ಯೂಟ್ಯೂಬ್ ಬಹಳ ವರ್ಷಗಳಿಂದ ನೆಚ್ಚಿಕೊಂಡಿರುವ ಮಾದರಿ. ಬ್ರೌಸರ್‌ಗಳ ಬೆಂಬಲ ಚೆನ್ನಾಗಿದೆ.

ಲಿಬ್‌ಎಒಎಂ, ಎಸ್‌ವಿಟಿ-ಎವಿ1, ರೇವ್1ಇ: ಮೂರೂ ಎವಿ1 ಎನ್‌ಕೋಡರ್‌ಗಳೇ. ಲಿಬ್‌ಎಒಎಂ ಅಲಯನ್ಸ್‌ನ ಮಾದರಿ ಎನ್‌ಕೋಡರ್. ಎಸ್‌ವಿಟಿ-ಎವಿ1 ಅನ್ನು ಇಂಟೆಲ್ ಮತ್ತು ನೆಟ್‌ಫ್ಲಿಕ್ಸ್ ಸೇರಿ ಬೆಳೆಸಿದವು. ಹಲವು ಕೋರ್‌ಗಳಿರುವ ಪ್ರೊಸೆಸರ್ ಅನ್ನು ಚೆನ್ನಾಗಿ ದುಡಿಸಿಕೊಳ್ಳುವುದು ಇದರ ಗುಣ. 2020ರಲ್ಲಿ ಅಲಯನ್ಸ್ ಮುಂದಿನ ಕೆಲಸಕ್ಕೆ ಇದನ್ನೇ ಆಧಾರವಾಗಿ ಆರಿಸಿಕೊಂಡಿತು. ಮನೆಯಲ್ಲಿ ಎವಿ1 ಪ್ರಯತ್ನಿಸುವವರಿಗೆ ಇದೇ ಸೂಕ್ತ. ರೇವ್1ಇ ರಸ್ಟ್ ಭಾಷೆಯಲ್ಲಿ ಬರೆದದ್ದು.

ವಿವಿಎನ್‌ಕ್: 2020ರಲ್ಲಿ ಬಂದ ಎಚ್.266 ಮಾದರಿಗೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ತಂದ ಮುಕ್ತ ಎನ್‌ಕೋಡರ್. ಕುಗ್ಗಿಸುವ ಶಕ್ತಿ ಜೋರು, ಆದರೆ ಪ್ಲೇ ಮಾಡುವ ಸಾಧನಗಳು ಇನ್ನೂ ಕಡಿಮೆ.

ಗುಣಮಟ್ಟವನ್ನು ಅಳೆಯುವುದು ಹೇಗೆ?

ಎರಡು ಫೈಲ್‌ಗಳ ಗಾತ್ರ ನೋಡಿ ‘ಇದು ಚಿಕ್ಕದು, ಹಾಗಾಗಿ ಇದೇ ಒಳ್ಳೆಯದು’ ಎಂದರೆ ಅದು ಹೋಲಿಕೆಯಲ್ಲ. ಗಾತ್ರ, ಗುಣಮಟ್ಟ, ಸಮಯ ಎಂಬ ಮೂರು ಅಳತೆಗಳಿವೆ. ಎರಡನ್ನು ಸಮ ಇಟ್ಟು ಮೂರನೆಯದನ್ನು ನೋಡಿದಾಗ ಮಾತ್ರ ಫಲಿತಾಂಶಕ್ಕೆ ಅರ್ಥ ಬರುತ್ತದೆ. ಹೋಲಿಕೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಸಮಯ.

ಗುಣಮಟ್ಟ ಅಳೆಯಲು ಮೂರು ಮಾಪಕಗಳು ಚಾಲ್ತಿಯಲ್ಲಿವೆ. ಪಿಎಸ್‌ಎನ್‌ಆರ್ ಎಂಬುದು ಮೂಲ ಚಿತ್ರಕ್ಕೂ ಕುಗ್ಗಿಸಿದ ಚಿತ್ರಕ್ಕೂ ಚುಕ್ಕಿ ಚುಕ್ಕಿಯ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಹೇಳುತ್ತದೆ. ಮನುಷ್ಯರ ಕಣ್ಣು ಹಾಗೆ ಲೆಕ್ಕ ಹಾಕುವುದಿಲ್ಲ. ಎಸ್‌ಎಸ್‌ಐಎಂ ಚಿತ್ರದ ರಚನೆ ಎಷ್ಟು ಉಳಿದಿದೆ ಎಂದು ನೋಡುತ್ತದೆ. ಮೂರನೆಯದು ವಿಎಂಎಎಫ್. ಜನರಿಗೆ ವಿಡಿಯೋ ತೋರಿಸಿ ಪಡೆದ ಅಂಕಗಳಿಂದ ಕಲಿತ ಈ ಮಾಪಕವನ್ನು ನೆಟ್‌ಫ್ಲಿಕ್ಸ್ 2016ರಲ್ಲಿ ಓಪನ್ ಸೋರ್ಸ್ ಮಾಡಿತು. ಇದು 0ರಿಂದ 100ರವರೆಗೆ ಅಂಕ ಕೊಡುತ್ತದೆ.

ಆದರೆ ಅಂಕವೇ ಅಂತಿಮವಲ್ಲ. ಒಂದೆರಡು ಅಂಕದ ವ್ಯತ್ಯಾಸವನ್ನು ಸಾಮಾನ್ಯ ನೋಡುಗರು ಗುರುತಿಸುವುದು ಕಷ್ಟ. ಚಿತ್ರವನ್ನು ಕೃತಕವಾಗಿ ಚೂಪಾಗಿಸಿದರೆ ವಿಎಂಎಎಫ್ ಅಂಕ ಏರುತ್ತದೆ ಎಂಬ ಕೊರತೆ ಗೊತ್ತಾದ ಮೇಲೆ ನೆಟ್‌ಫ್ಲಿಕ್ಸ್ ಅದನ್ನು ತಡೆಯುವ ಇನ್ನೊಂದು ರೂಪವನ್ನೂ ತಂದಿತು. ಸರಾಸರಿ ಅಂಕ 95 ಬಂದರೂ, ಅಕ್ಷತೆ ಹಾಕುವ ಐದು ಸೆಕೆಂಡು ಮಾತ್ರ ಚೌಕ ಚೌಕವಾಗಿ ಒಡೆದಿರಬಹುದು. ಸರಾಸರಿ ಅದನ್ನು ಮುಚ್ಚಿಡುತ್ತದೆ.

ದೊಡ್ಡ ಪರೀಕ್ಷೆಗಳು ಹೇಳಿದ್ದೇನು?

2016ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಸಂಗ್ರಹದಿಂದ 12 ಸೆಕೆಂಡಿನ 5,000 ತುಣುಕುಗಳನ್ನು ತೆಗೆದು ಎಕ್ಸ್264, ಎಕ್ಸ್265, ಲಿಬ್‌ವಿಪಿಎಕ್ಸ್‌ಗಳನ್ನು ಹೋಲಿಸಿತು. ಅದೇ ಗುಣಮಟ್ಟಕ್ಕೆ ಎಕ್ಸ್264ಗಿಂತ ಉಳಿದೆರಡು ಶೇ. 50ರವರೆಗೆ ಡೇಟಾ ಉಳಿಸಿದವು. ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಉಳಿತಾಯವೂ ಹೆಚ್ಚು. ಒಟ್ಟಾರೆ ಎಕ್ಸ್265 ಮುಂದಿತ್ತು, ಆದರೆ 1080ಪಿ ಹೊತ್ತಿಗೆ ಅಂತರ ಕಡಿಮೆಯಾಗಿ, ಕೆಲವು ಕಡೆ ವಿಪಿ9 ಮುಂದೆ ಬಂದದ್ದೂ ಇದೆ.

2018ರಲ್ಲಿ ಫೇಸ್‌ಬುಕ್ ಎವಿ1 ಪರೀಕ್ಷಿಸಿತು. ಅದರ ಪ್ರಕಾರ ಎವಿ1 ಕುಗ್ಗಿಸುವುದರಲ್ಲಿ ವಿಪಿ9ಗಿಂತ ಶೇ. 34, ಎಕ್ಸ್264ರ ಹೈ ಪ್ರೊಫೈಲ್‌ಗಿಂತ ಶೇ. 46, ಮೇನ್ ಪ್ರೊಫೈಲ್‌ಗಿಂತ ಶೇ. 50ರಷ್ಟು ಮುಂದಿತ್ತು. ಸುದ್ದಿಗಳಲ್ಲಿ ಹೆಚ್ಚು ಓಡಾಡಿದ್ದು ಈ ಅಂಕಿಗಳೇ. ಅದೇ ಪರೀಕ್ಷೆಯ ಇನ್ನೊಂದು ಭಾಗಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ: ಅಂದಿನ ಎವಿ1 ಎನ್‌ಕೋಡರ್ ಎಕ್ಸ್264ಗಿಂತ ಸಾವಿರಾರು ಪಟ್ಟು ನಿಧಾನವಾಗಿತ್ತು.

ಆ ನಿಧಾನ ಈಗಿಲ್ಲ. ಎಸ್‌ವಿಟಿ-ಎವಿ1ರಲ್ಲಿ ವೇಗಕ್ಕೆ ತಕ್ಕಂತೆ ಪ್ರೀಸೆಟ್‌ಗಳಿವೆ. ಅಂಕಿ ಚಿಕ್ಕದಾದಷ್ಟೂ ನಿಧಾನ, ಫಲಿತಾಂಶ ಚೆನ್ನ. ದೊಡ್ಡದಾದಷ್ಟೂ ವೇಗ. ನಡುವಿನ ಪ್ರೀಸೆಟ್‌ಗಳಲ್ಲಿ ಇಂದಿನ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಎವಿ1 ಎನ್‌ಕೋಡಿಂಗ್ ಸಾಧ್ಯ. ಆದರೆ ವೇಗ ಹೆಚ್ಚಿಸಿದಷ್ಟೂ ಉಳಿತಾಯ ಇಳಿಯುತ್ತದೆ. ಪತ್ರಿಕೆಯಲ್ಲಿ ಓದಿದ ‘ಅರ್ಧ ಗಾತ್ರ’ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸಿಗದೇ ಹೋದರೆ ಕಾರಣ ಇದೇ.

ಹಳೆಯ ಸಿನಿಮಾಗಳಿಗೆ ಎವಿ1ರಲ್ಲಿ ಒಂದು ವಿಶೇಷ ಸೌಲಭ್ಯವಿದೆ. ಸೆಲ್ಯುಲಾಯ್ಡ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಸಣ್ಣ ಮರಳಿನಂತಹ ಗ್ರೇನ್ ಇರುತ್ತದೆ. ಪ್ರತಿ ಫ್ರೇಮ್‌ನಲ್ಲೂ ಬದಲಾಗುವುದರಿಂದ ಅದನ್ನು ಕುಗ್ಗಿಸಲು ಬಹಳ ಡೇಟಾ ಬೇಕು. ಎವಿ1 ಆ ಗ್ರೇನ್ ತೆಗೆದು, ಅದರ ಲಕ್ಷಣವನ್ನಷ್ಟೇ ಬರೆದಿಟ್ಟು, ನೋಡುವಾಗ ಅಂಥದ್ದೇ ಗ್ರೇನ್ ಮತ್ತೆ ಸೃಷ್ಟಿಸಬಲ್ಲದು.

ಯಾರಿಗೆ ಲಾಭ, ಯಾರಿಗೆ ಇಲ್ಲ?

ನೆಟ್‌ಫ್ಲಿಕ್ಸ್ ಅಥವಾ ಯೂಟ್ಯೂಬ್ ಒಂದು ವಿಡಿಯೋವನ್ನು ಒಮ್ಮೆ ಎನ್‌ಕೋಡ್ ಮಾಡುತ್ತದೆ, ಅದನ್ನು ಲಕ್ಷಾಂತರ ಜನ ನೋಡುತ್ತಾರೆ. ಒಂದು ದಿನ ಹೆಚ್ಚಿಗೆ ಎನ್‌ಕೋಡ್ ಮಾಡಿ ಶೇ. 20 ಉಳಿಸಿದರೂ ಪ್ರತಿ ವೀಕ್ಷಣೆಯಲ್ಲೂ ಆ ಲಾಭ ಮರಳುತ್ತದೆ. 2020ರಲ್ಲಿ ನೆಟ್‌ಫ್ಲಿಕ್ಸ್ ಆಂಡ್ರಾಯ್ಡ್ ಫೋನ್‌ಗಳಲ್ಲಿ ಎವಿ1 ಶುರು ಮಾಡಿದಾಗ, ತನ್ನ ವಿಪಿ9ಗಿಂತ ಶೇ. 20ರಷ್ಟು ದಕ್ಷತೆ ಹೆಚ್ಚು ಎಂದು ಹೇಳಿತ್ತು. ಡೇಟಾ ಉಳಿಸುವ ಆಯ್ಕೆ ಮಾಡಿಕೊಂಡವರಿಗೇ ಅದನ್ನು ಮೊದಲು ಕೊಟ್ಟಿತು.

ನಿಮ್ಮ ಮದುವೆ ವಿಡಿಯೋ ನೋಡುವವರು ಇಪ್ಪತ್ತು ಮೂವತ್ತು ಮಂದಿ. ಇಲ್ಲಿ ಮೊದಲ ಪ್ರಶ್ನೆ ಎಷ್ಟು ಕುಗ್ಗುತ್ತದೆ ಎಂಬುದಲ್ಲ, ನೋಡುವವರ ಸಾಧನದಲ್ಲಿ ಓಡುತ್ತದೆಯೇ ಎಂಬುದು. ಎವಿ1 ಬಿಡಿಸುವ ವ್ಯವಸ್ಥೆ ಚಿಪ್‌ನಲ್ಲೇ ಇದ್ದರೆ ಬ್ಯಾಟರಿ ಉಳಿಯುತ್ತದೆ. ಐಫೋನ್‌ಗಳಲ್ಲಿ ಅದು ಬಂದಿದ್ದು 2023ರ 15 ಪ್ರೊದಿಂದ. ಕ್ವಾಲ್‌ಕಾಂನ ಫೋನ್ ಚಿಪ್‌ಗಳಲ್ಲಿ 2022ರ ಕೊನೆಗೆ ಬಂದ ಸ್ನಾಪ್‌ಡ್ರಾಗನ್ 8 ಜೆನ್ 2ರಿಂದ. ಚಿಪ್‌ನಲ್ಲಿ ಇಲ್ಲದ ಫೋನ್‌ಗಳಲ್ಲಿ ತಂತ್ರಾಂಶವೇ ಆ ಕೆಲಸ ಮಾಡಬೇಕು. ಇದಕ್ಕಾಗಿ ವಿಡಿಯೋಲ್ಯಾನ್ ತಯಾರಿಸಿದ ‘ಡೇವಿಡ್’ ಎಂಬ ಡಿಕೋಡರ್ ಬಹಳ ವೇಗದ್ದು. ಆದರೂ ಹಳೆಯ ಫೋನ್‌ನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ವಿಡಿಯೋ ತಡೆತಡೆದು ಓಡಬಹುದು.

ನಿಮಗೆ ಯಾವುದು ಸೂಕ್ತ?

• ಊರಿನ ಹಿರಿಯರ ಫೋನ್, ಹಳೆಯ ಟಿವಿಗೆ ಕಳುಹಿಸಲು: ಎಕ್ಸ್264, ಎಂಪಿ4 ಡಬ್ಬಿಯಲ್ಲಿ. ಫೈಲ್ ಸ್ವಲ್ಪ ದೊಡ್ಡದಾದರೂ ಖಚಿತವಾಗಿ ಓಡುತ್ತದೆ.

• 4ಕೆ ವಿಡಿಯೋ, ಇತ್ತೀಚಿನ ಟಿವಿ ಅಥವಾ ಐಫೋನ್: ಎಕ್ಸ್265. ವಿಂಡೋಸ್‌ನಲ್ಲಿ ಪ್ರತ್ಯೇಕ ಎಕ್ಸ್‌ಟೆನ್ಶನ್ ಬೇಕಾಗಬಹುದು. ವಿಎಲ್‌ಸಿ ಇದ್ದರೆ ಆ ತೊಂದರೆ ಇಲ್ಲ.

• ನಿಮ್ಮದೇ ವೆಬ್‌ಸೈಟ್‌ನಲ್ಲಿ ಬಹಳ ಜನ ನೋಡುವ ವಿಡಿಯೋ: ಎವಿ1, ಜೊತೆಗೆ ಹಳೆಯ ಸಾಧನಗಳಿಗಾಗಿ ಎಚ್.264 ಪ್ರತಿ.

• ಯೂಟ್ಯೂಬ್‌ಗೆ ಹಾಕಲು: ನಿಮ್ಮಲ್ಲಿರುವ ಅತ್ಯುತ್ತಮ ಗುಣಮಟ್ಟದ ಫೈಲ್ ಹಾಕಿ. ಅವರು ಹೇಗಿದ್ದರೂ ಮತ್ತೆ ಕುಗ್ಗಿಸುತ್ತಾರೆ.

• ಹಳೆಯ ವಿಎಚ್‌ಎಸ್ ಕ್ಯಾಸೆಟ್ ಡಿಜಿಟಲ್ ಮಾಡಿ ಶಾಶ್ವತವಾಗಿ ಇಡಲು: ಎಫ್‌ಎಫ್‌ವಿ1. ಒಂದು ಚುಕ್ಕಿಯನ್ನೂ ಕಳೆದುಕೊಳ್ಳದೆ ಕುಗ್ಗಿಸುವ ಮುಕ್ತ ಕೋಡೆಕ್ ಇದು. ಫೈಲ್ ದೊಡ್ಡದಾಗುತ್ತದೆ, ಪತ್ರಾಗಾರಗಳು ಇದನ್ನು ಬಳಸುತ್ತವೆ.

ಮನೆಯಲ್ಲೇ ಪರೀಕ್ಷಿಸಿ

ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಕ್ಸ್264, ಎಕ್ಸ್265, ವಿಪಿ9, ಎಸ್‌ವಿಟಿ-ಎವಿ1 ನಾಲ್ಕೂ ಸಿಗುತ್ತವೆ. ವಿಡಿಯೋದ ಅತ್ಯಂತ ಕಷ್ಟದ ಒಂದು ನಿಮಿಷವನ್ನು ಆರಿಸಿ. ಅಕ್ಷತೆ, ಕುಣಿತ, ಮಂದ ಬೆಳಕಿನ ದೃಶ್ಯ ಒಳ್ಳೆಯದು. ಎಲ್ಲದಕ್ಕೂ ಒಂದೇ ಸರಾಸರಿ ಬಿಟ್‌ರೇಟ್ ಕೊಟ್ಟು ಎನ್‌ಕೋಡ್ ಮಾಡಿ, ತಗಲಿದ ಸಮಯ ಬರೆದುಕೊಳ್ಳಿ. ನಂತರ ಅದನ್ನು ಯಾರು ನೋಡಬೇಕೋ ಅವರ ಬಳಿ ಇರುವಂತಹ ಪರದೆಯಲ್ಲೇ ನೋಡಿ.

ಗುಣಮಟ್ಟದ ಅಂಕಿ ಕೊಟ್ಟು ಹೋಲಿಸುವವರು ಒಂದು ತಪ್ಪು ಮಾಡುತ್ತಾರೆ. ಎಕ್ಸ್264ರಲ್ಲಿ ಮೂಲ ಮೌಲ್ಯ 23, ಎಕ್ಸ್265ರಲ್ಲಿ 28, ಎಸ್‌ವಿಟಿ-ಎವಿ1ರಲ್ಲಿ 35. ಒಂದರ 28 ಇನ್ನೊಂದರ 28ಕ್ಕೆ ಸಮವಲ್ಲ. ಎಲ್ಲದರಲ್ಲೂ ಅಂಕಿ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು ಎಂಬುದಷ್ಟೇ ಸಾಮಾನ್ಯ ನಿಯಮ.

ಮೂಲ ಫೈಲ್ ಅಳಿಸಬೇಡಿ

ಈ ಲೇಖನದಿಂದ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಎಕ್ಸ್264 ಇರಲಿ ಎವಿ1 ಇರಲಿ, ಸಾಮಾನ್ಯ ಬಳಕೆಯಲ್ಲಿ ಕುಗ್ಗಿಸುವಾಗ ಬಿಟ್ಟ ವಿವರ ಮತ್ತೆ ಬರುವುದಿಲ್ಲ. ಕುಗ್ಗಿಸಿದ್ದನ್ನು ಮತ್ತೊಂದು ಕೋಡೆಕ್‌ಗೆ ಬದಲಿಸಿದರೆ ಇನ್ನಷ್ಟು ಹೋಗುತ್ತದೆ. ಹಾರ್ಡ್‌ಡಿಸ್ಕ್‌ನಲ್ಲಿ ಜಾಗ ಮಾಡಲು ಎಲ್ಲವನ್ನೂ ಎವಿ1ಗೆ ಬದಲಿಸಿ ಮೂಲ ಅಳಿಸಿದವರಿಗೆ, ಹತ್ತು ವರ್ಷದ ಬಳಿಕ ಅದಕ್ಕಿಂತ ಉತ್ತಮ ಕೋಡೆಕ್ ಬಂದಾಗ ಬಳಸಲು ಒಳ್ಳೆಯ ಪ್ರತಿಯೇ ಇರುವುದಿಲ್ಲ. ಹಾರ್ಡ್‌ಡಿಸ್ಕ್ ಇನ್ನೊಂದು ಕೊಳ್ಳಬಹುದು, ಮದುವೆಯ ದಿನವನ್ನು ಮತ್ತೆ ಚಿತ್ರೀಕರಿಸಲಾಗದು. ಮೂಲವನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇಡಿ. ಕುಗ್ಗಿಸಿದ ಪ್ರತಿ ಹಂಚಲು ಮಾತ್ರ.

ಇನ್ನು ಅಜ್ಜಿಯ ವಿಷಯ. ಅವರಿಗೆ ಮೂರು ಗಂಟೆಯ ವಿಡಿಯೋ ಬೇಕಿಲ್ಲ, ಧಾರೆ ಸಾಕು. ಆ 40 ನಿಮಿಷವನ್ನು ಮಾತ್ರ ಕತ್ತರಿಸಿ, 720ಪಿಗೆ ಇಳಿಸಿ, ಎಕ್ಸ್264ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ಗೆ ಎನ್‌ಕೋಡ್ ಮಾಡಿದರೆ ಸುಮಾರು 600 ಎಂಬಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳುಹಿಸಿದರೆ ಅದು ಮತ್ತೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಒಂದೇ ದಿನದ ಪ್ಯಾಕ್‌ನಲ್ಲಿ ಡೌನ್‌ಲೋಡ್ ಆಗುತ್ತದೆ, ಇನ್ನೂ ಅರ್ಧಕ್ಕಿಂತ ಹೆಚ್ಚು ಡೇಟಾ ಉಳಿಯುತ್ತದೆ. ಮೊಮ್ಮಗಳೊಂದಿಗೆ ವಿಡಿಯೋ ಕಾಲ್ ಮಾಡಲು ಅಷ್ಟು ಸಾಕು.